ಬೂಟು ಬಿಚ್ಚಿದ ಅಳತೆ

ಹೊಲಿಗೆ ಯಂತ್ರದ ಎಣ್ಣೆ ಮತ್ತು ಕೆರೆಯ ಪಾಚಿ, ಈ ಎರಡು ವಾಸನೆ ಒಟ್ಟಿಗೆ ಬರುವ ವಸ್ತು ಇಡೀ ಬೆಂಗಳೂರಿನಲ್ಲಿ ಒಂದೇ ಇರಬೇಕು. ಅದು ನಮ್ಮ ಮನೆಯ ಅಟ್ಟದ ಮೇಲಿದೆ. ಹೋದ ವಾರ ಹಳೆಯ ಟಾರ್ಪಾಲು ಹುಡುಕಲು ಚೀಲ ಕೆಳಗಿಳಿಸಿದೆ. ಜಿಪ್ ಎಳೆದ ಕೂಡಲೇ ಆ ವಾಸನೆ ಮೂಗಿಗೆ ಬಡಿಯಿತು. ಟಾರ್ಪಾಲಿನ ಮಡಿಕೆಯೊಳಗೆ ಒಂದು ನೂಲಿನ ಹಗ್ಗ ಸುರುಳಿ ಸುತ್ತಿಕೊಂಡಿತ್ತು. ಒಂದು ತುದಿಗೆ ಅರ್ಧ ಕೆಜಿಯ ಕಬ್ಬಿಣದ ತೂಕದ ಬಟ್ಟು. ಅಲ್ಲಿಂದ ಮೇಲಕ್ಕೆ ಮೂರು ಕಡೆ ರವಿಕೆ ಬಟ್ಟೆಯ ಚೂರುಗಳನ್ನು ಗಂಟು ಹಾಕಿತ್ತು. ಒಂದು ಮೆರೂನ್, ಒಂದು ಹಳದಿ, ಎಲ್ಲಕ್ಕಿಂತ ಕೆಳಗೆ ಗಿಳಿಹಸಿರು.

ಗಿಳಿಹಸಿರು ನನ್ನದು.

ಅವತ್ತು ನನಗೆ ಮೊದಲೇ ತಲೆ ಕೆಟ್ಟಿತ್ತು. ಆಫೀಸಿನ ಆರು ಜನ ಹುಡುಗಿಯರು ಒಂದು ಬೆಟ್ಟ ಹತ್ತಬೇಕು ಅಂದಿದ್ದರು. ಬೆಟ್ಟದ ಹತ್ತಿರ ಒಂದು ದಿನ ಟೆಂಟು ಹಾಕಿ ಉಳಿಯಬೇಕು, ಈಜಲು ನೀರಿರಬೇಕು, ಗದ್ದಲ ಇರಬಾರದು. ಜಾಗ ಹುಡುಕುವ ಕೆಲಸವನ್ನು ‘ನೀವೇ ಸೀನಿಯರ್’ ಎಂದು ನನ್ನ ತಲೆಗೆ ಕಟ್ಟಿದರು. ಫೋನಿನಲ್ಲಿ ನೋಡಿದರೆ ಎಲ್ಲ ಜಾಗವೂ ‘ಪ್ರಶಾಂತ’, ಎಲ್ಲ ನೀರೂ ನೀಲಿ. ಹಾಗೆ ಪ್ರಶಾಂತವೆಂದು ಬರೆದುಕೊಂಡಿದ್ದ ಒಂದು ಕ್ಯಾಂಪಿನವರಿಗೆ ಫೋನ್ ಮಾಡಿದೆ. ಯಾರಿಗಾದರೂ ಆರೋಗ್ಯದ ತೊಂದರೆ ಇದೆಯೇ ಎಂದು ಕೇಳಿದರು. ನನ್ನ ಎಡಗಾಲು ಬಲಗಾಲಿಗಿಂತ ಎರಡು ಇಂಚು ಗಿಡ್ಡ, ಚಿಕ್ಕಂದಿನ ಪೋಲಿಯೊ, ಬೇರೇನೂ ಇಲ್ಲ ಎಂದೆ.

“ಅಯ್ಯೋ, ನೀವೇನೂ ಟೆನ್ಷನ್ ತಗೋಬೇಡಿ ಮೇಡಂ. ನೀರಿನ ಪಕ್ಕಾನೇ ನಿಮಗೊಂದು ಚೇರ್ ಹಾಕಿಸ್ತೀವಿ. ಆರಾಮಾಗಿ ಕೂತ್ಕೊಂಡು ಎಲ್ರನ್ನೂ ನೋಡ್ಬೋದು.”

“ಆ ಚೇರ್ ಮೇಲೆ ನೀವೇ ಕೂತ್ಕೊಳ್ಳಿ ಸಾರ್. ನಾನು ಈಜೋದನ್ನ ನೋಡೋಕೆ ಬೇಕಾಗುತ್ತೆ” ಎಂದು ಫೋನ್ ಇಟ್ಟೆ. ಐವತ್ತೆರಡು ವರ್ಷದಲ್ಲಿ ನನಗಾಗಿ ಹಾಕಿದ ಕುರ್ಚಿಗಳನ್ನೆಲ್ಲ ಸೇರಿಸಿದರೆ ಒಂದು ಮದುವೆ ಛತ್ರ ತುಂಬುತ್ತದೆ.

ಆ ಸಿಟ್ಟಿನಲ್ಲೇ ಚೀಲ ಬಿಚ್ಚಿದ್ದೆ. ಹಗ್ಗ ಕೈಗೆ ಬಂದ ಮೇಲೆ ಟಾರ್ಪಾಲು ಮರೆತು ಅಲ್ಲೇ ನೆಲದ ಮೇಲೆ ಕೂತೆ... ಟೈಲರ್ ಆಂಟಿ ಹೋಗಿ ಒಂಬತ್ತು ವರ್ಷವಾಯಿತು. ಕುರ್ಚಿ ಹಾಕದೆ ನನ್ನನ್ನು ನಡೆಸಿಕೊಂಡವರು ಅವರೊಬ್ಬರೇ.

ವಿಜಯನಗರದ ನಮ್ಮ ಅಡ್ಡರಸ್ತೆಯಲ್ಲಿ ಅವರ ಮನೆ ನಾಲ್ಕನೆಯದು. ಕಾರಿಲ್ಲದ ಮನೆಯ ಕಾರ್ ಶೆಡ್ಡಿನಲ್ಲಿ ಅವರ ಅಂಗಡಿ. ಒಂದು ಯಂತ್ರ, ಒಂದು ಕನ್ನಡಿ, ಅಳತೆ ಪುಸ್ತಕ, ಗೋಡೆಯ ಮೊಳೆಗಳಿಗೆ ತೂಗುಹಾಕಿದ ಹೊಲಿದ ರವಿಕೆಗಳು. ಟೇಪು ಯಾವಾಗಲೂ ಕೊರಳಲ್ಲೇ ಇರುತ್ತಿತ್ತು. ತಾಳಿ ಮರೆತು ಹೊರಗೆ ಬಂದರೂ ಬಂದಾರು, ಟೇಪು ಮರೆತವರಲ್ಲ ಎಂದು ಬೀದಿಯ ಹೆಂಗಸರು ಆಡಿಕೊಳ್ಳುತ್ತಿದ್ದರು. ಮಾತು ಕಡಿಮೆ. ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡಿರುತ್ತಿದ್ದುದರಿಂದ ಅರ್ಧ ಮಾತು ಕಣ್ಣಿನಲ್ಲೇ ಮುಗಿಯುತ್ತಿತ್ತು.

ಅವರು ಹುಟ್ಟಿದ್ದು ಕೆಂಗೇರಿ ಕಡೆಯ ಒಂದು ಊರಿನಲ್ಲಿ, ಕೆರೆ ಏರಿಯ ಕೆಳಗೆ. ಎಮ್ಮೆಯ ಬೆನ್ನ ಮೇಲೆ ಕೂತು ನೀರಿಗಿಳಿದು ಈಜು ಕಲಿತವರು. ಆ ಕೆರೆಯನ್ನು ಮುಚ್ಚಿ ಸೈಟು ಮಾಡಿ ಹಂಚಿದರು. “ನಾನು ಮುಳುಗಿ ಎದ್ದ ಜಾಗದಲ್ಲಿ ಈಗ ಯಾರ್ದೋ ಡೈನಿಂಗ್ ಹಾಲ್ ಇದೆ” ಎಂದು ಒಮ್ಮೆ ನಗುತ್ತಾ ಹೇಳಿದ್ದರು. ಆ ನಗುವಿನಲ್ಲಿ ನಗು ಇರಲಿಲ್ಲ.

ವರ್ಷಕ್ಕೆ ಎರಡು ಸಲ ಅವರು ಅಂಗಡಿ ಮುಚ್ಚಿ ಬೆಟ್ಟಕ್ಕೆ ಹೋಗುತ್ತಿದ್ದರು. ಜೊತೆಗೆ ಮೂಲೆಮನೆಯ ಟೀಚರ್, ಮತ್ತು ಹಪ್ಪಳ ಸಂಡಿಗೆ ಮಾಡಿ ಮಾರುತ್ತಿದ್ದ ಒಬ್ಬರು, ಅವರನ್ನು ನಾವೆಲ್ಲ ಹಪ್ಪಳದಕ್ಕ ಎನ್ನುತ್ತಿದ್ದೆವು. ಮೂವರೂ ಸಂಸಾರಸ್ಥರು. ಗಂಡಂದಿರನ್ನು ಬಿಟ್ಟು, ದೇವಸ್ಥಾನದ ನೆಪವನ್ನೂ ಹೇಳದೆ, ಮೂವರು ಹೆಂಗಸರು ಟಾರ್ಪಾಲು ಕಟ್ಟಿಕೊಂಡು ಬೆಟ್ಟದ ಬುಡದಲ್ಲಿ ಮಲಗಿ ಬರುತ್ತಾರೆ ಎಂದರೆ ಇಪ್ಪತ್ತು ವರ್ಷದ ಹಿಂದೆ ನಮ್ಮ ಬೀದಿಗೆ ಅದು ಜೀರ್ಣವಾಗುವ ವಿಷಯವಾಗಿರಲಿಲ್ಲ. ‘ಹರಕೆ ಏನಾದ್ರೂ ಇತ್ತಾ?’ ಎಂದು ಕೇಳುವವರು. ‘ಇಲ್ಲ, ಕಾಲಿತ್ತು’ ಎಂದು ಆಂಟಿ ಪಿನ್ನಿನ ಸಂದಿಯಲ್ಲೇ ಉತ್ತರ ಕೊಡುತ್ತಿದ್ದರು.

ನನಗಾಗ ಮೂವತ್ತೊಂದು. ಮದುವೆಯಾಗಿರಲಿಲ್ಲ, ಈಗಲೂ ಆಗಿಲ್ಲ, ಅದು ಬೇರೆ ಕತೆ. ರಾಜಾಜಿನಗರದ ಒಂದು ಆಫೀಸಿನಲ್ಲಿ ಗುಮಾಸ್ತೆ. ಎಡಗಾಲಿಗೆ ಎರಡು ಇಂಚು ದಪ್ಪ ಅಟ್ಟೆಯ ಬೂಟು. ಆ ಬೂಟು ಹಾಕಿಕೊಂಡರೆ ನಾನು ನೆಟ್ಟಗೆ ನಿಲ್ಲುತ್ತಿದ್ದೆ, ನಡಿಗೆಯಲ್ಲಿ ಸ್ವಲ್ಪ ಮಾತ್ರ ವಾಲುತ್ತಿದ್ದೆ. ಬೂಟಿಲ್ಲದೆ ನನ್ನನ್ನು ನೋಡಿದವರು ಅಮ್ಮ, ಅಣ್ಣ, ಅತ್ತಿಗೆ ಮಾತ್ರ. ಹೊಲಿಯಲು ಅಳತೆ ಕೊಡುವಾಗಲೂ ಬಿಚ್ಚುತ್ತಿರಲಿಲ್ಲ. ಆಂಟಿ ಬಿಚ್ಚು ಎಂದು ಹೇಳಿದವರೂ ಅಲ್ಲ.

ಒಂದು ದಿನ ರವಿಕೆ ಕೊಡಲು ಹೋದಾಗ ಮುಂದಿನ ಬೆಟ್ಟಕ್ಕೆ ನೀನೂ ಬಾ ಎಂದರು. ಹತ್ತೋಕಾಗಲ್ಲ ಆಂಟಿ ಎಂದೆ. “ಹತ್ತು ಅಂದೋರ್ಯಾರು? ಬಾ ಅಂದೆ” ಎಂದು ಯಂತ್ರ ತುಳಿಯತೊಡಗಿದರು.

ಜಾಗ ಹುಡುಕುವುದರಲ್ಲಿ ಅವರದ್ದೇ ಒಂದು ಕ್ರಮವಿತ್ತು. ಅಂಗಡಿಗೆ ರಜೆಯಿರುವ ಮಂಗಳವಾರ ಒಬ್ಬರೇ ಮಾಗಡಿ ರಸ್ತೆಯ ಬಸ್ಸು ಹತ್ತಿ ಹೋಗುತ್ತಿದ್ದರು. ಬೆಟ್ಟ ಎಷ್ಟು ಚೆಂದ ಎಂದು ನೋಡುತ್ತಿರಲಿಲ್ಲ, ಬೆಟ್ಟ ಎಲ್ಲಿಗೂ ಓಡಿಹೋಗುವುದಿಲ್ಲ ಎನ್ನುತ್ತಿದ್ದರು. ಮೊದಲು ನೀರಿನ ಹತ್ತಿರ ಹೋಗಿ ಬಟ್ಟೆ ಒಗೆಯುವ ಕಲ್ಲುಗಳಿವೆಯೇ ಎಂದು ಹುಡುಕುತ್ತಿದ್ದರು. ಇಲ್ಲದಿದ್ದರೆ ತಿರುಗಿಯೂ ನೋಡದೆ ಮುಂದಿನ ಊರು.

“ಒಗೆಯೋ ಕಲ್ಲಿದ್ರೆ ಅದು ಹೆಂಗಸ್ರ ನೀರು ಕಣೇ. ಅಲ್ಲಿ ಕುಡುಕ್ರು ಬಂದು ಕೂರಲ್ಲ, ಬಾಟ್ಲಿ ಚೂರಿರಲ್ಲ. ದಿನಾ ಇಳಿದೂ ಹತ್ತೀ ನೆಲ ಗಟ್ಟಿಯಾಗಿರುತ್ತೆ.”

ಕಲ್ಲು ಸಿಕ್ಕಿದ ಮೇಲೆ ಅದರ ಮೇಲೆ ಒಂದು ಗಂಟೆ ಸುಮ್ಮನೆ ಕೂರುವುದು. ಯಾರು ಬರುತ್ತಾರೆ, ಯಾರು ನಿಂತು ನೋಡುತ್ತಾರೆ, ಬೈಕುಗಳು ಎಲ್ಲಿ ನಿಲ್ಲುತ್ತವೆ ಎಂದು ಗಮನಿಸುವುದು. ಒಗೆಯಲು ಬಂದವರ ಜೊತೆ ಮಾತಾಡಿ ಹೂಳೆತ್ತಿದ ಗುಂಡಿಗಳು ಎಲ್ಲೆಲ್ಲಿವೆ ಎಂದು ಕೇಳುವುದು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ ನೀರಿಗಿಳಿದು, ಹೆಜ್ಜೆ ಹೆಜ್ಜೆಗೂ ಬಟ್ಟು ಕಟ್ಟಿದ ಈ ಹಗ್ಗ ಬಿಟ್ಟು ನೋಡುವುದು. ಫೋಟೋದಲ್ಲಿ ನೀರು ಯಾವ ಬಣ್ಣ ಎಂದು ನೋಡಿ ಜಾಗ ಗೊತ್ತು ಮಾಡುವ ಈಗಿನವರು ಇದನ್ನು ಓದಿ ನಕ್ಕರೆ ನಗಲಿ. ಆಂಟಿ ಕರೆದುಕೊಂಡು ಹೋದ ಯಾವ ನೀರಿನಲ್ಲೂ ಯಾರಿಗೂ ಒಂದು ಮುಳ್ಳು ಚುಚ್ಚಲಿಲ್ಲ. ನನಗೊಂದು ಸಲ ಆದದ್ದು ನನ್ನ ಕೊಬ್ಬಿನಿಂದ ಆದದ್ದು.

ಹಗ್ಗದ ಮೇಲಿನ ಬಟ್ಟೆ ಚೂರುಗಳು ನಮ್ಮ ಅಳತೆಗಳು. ಟೀಚರಿಗೆ ಮೆರೂನ್, ಹಪ್ಪಳದಕ್ಕನಿಗೆ ಹಳದಿ, ನನಗೆ ಗಿಳಿಹಸಿರು, ಅವರವರು ಹೊಲಿಸಿದ ರವಿಕೆಯಲ್ಲಿ ಉಳಿದ ಚೂರು. ಬಟ್ಟು ನೆಲ ಮುಟ್ಟಿದಾಗ ನಿಮ್ಮ ಬಣ್ಣ ನೀರಿನ ಮಟ್ಟಕ್ಕೆ ಬಂದರೆ ಅಲ್ಲಿಗೆ ನಿಮ್ಮ ನೀರು ಮುಗಿಯಿತು. ಪ್ರತಿಯೊಬ್ಬರಿಗೂ ಭುಜಕ್ಕಿಂತ ನಾಲ್ಕು ಬೆರಳು ಕೆಳಗೆ ಗಂಟು. ಬಟ್ಟೆಗೆ ಒಳಹೊಲಿಗೆ ಬಿಡುವ ಹಾಗೆ ನೀರಿಗೂ ಬಿಡಬೇಕು ಎನ್ನುತ್ತಿದ್ದರು.

ನೀರಿಗಿಳಿಯಲು ಉಡುಪನ್ನೂ ಅವರೇ ಹೊಲಿದಿದ್ದರು. ಮಂಡಿಯವರೆಗಿನ ಅಂಗಿ, ಕೆಳಗೆ ಪೈಜಾಮ. ನೀರಿನಲ್ಲಿ ಅಂಗಿ ಮೇಲೇಳದ ಹಾಗೆ ಅಂಚಿನ ಮಡಿಕೆಯಲ್ಲಿ ಸಣ್ಣ ಸಣ್ಣ ಕಬ್ಬಿಣದ ನಟ್ಟುಗಳನ್ನು ಸೇರಿಸಿ ಹೊಲಿದಿದ್ದರು. ಅವರ ಯಜಮಾನರು ರಾಜಾಜಿನಗರದ ಒಂದು ವರ್ಕ್‌ಶಾಪಿನಲ್ಲಿ ಲೇತ್ ಕೆಲಸ ಮಾಡುತ್ತಿದ್ದರು, ನಟ್ಟು ಅಲ್ಲಿಂದ ಬರುತ್ತಿತ್ತು. ನಾವು ನಾಲ್ವರೂ ನಡೆದರೆ ಸಣ್ಣಗೆ ಕಿಣಿಕಿಣಿ ಶಬ್ದವಾಗುತ್ತಿತ್ತು.

ಮೊದಲ ಸಲ ಹೋದ ಜಾಗ ಕಣ್ಣಿಗೆ ಕಟ್ಟಿದಂತಿದೆ. ಒಂದು ಬೋಳು ಬಂಡೆಯ ಬೆಟ್ಟ, ಅದರ ಬುಡದಲ್ಲಿ ಒಂದು ಹುಣಸೆ ತೋಪು, ತೋಪಿನ ಅಂಚಿನಲ್ಲಿ ಸಣ್ಣ ಕೆರೆ, ಕೆರೆಯ ದಡದಲ್ಲಿ ಐದು ಒಗೆಯುವ ಕಲ್ಲು. ಬೆಳಕು ಹರಿಯುವ ಹೊತ್ತಿಗೆ ಮೂವರೂ ಬೆಟ್ಟ ಹತ್ತಲು ಹೊರಟರು. ನಾನು ಕಲ್ಲಿನ ಮೇಲೆ ಕೂತೆ. ಅರ್ಧ ಗಂಟೆಯೊಳಗೆ ಆಂಟಿ ಒಬ್ಬರೇ ವಾಪಸು ಬಂದರು. “ಮಂಡಿ ಹಿಡ್ಕೊಂಡ್ತು ಕಣೇ” ಎಂದರು. ನಾನು ನಂಬಿದೆ. ದಿನಕ್ಕೆ ಹತ್ತು ಗಂಟೆ ಹೊಲಿಗೆ ಯಂತ್ರ ತುಳಿಯುವ ಮಂಡಿ ಅದು ಎನ್ನುವುದು ನನ್ನ ತಲೆಗೆ ಹೊಳೆಯಲಿಲ್ಲ.

ನಾವಿಬ್ಬರನ್ನು ಬಿಟ್ಟರೆ ಬೇರೆ ಯಾರೂ ಇರಲಿಲ್ಲ. ಬೂಟು ಬಿಚ್ಚಿ ಕಲ್ಲಿನ ಮೇಲಿಟ್ಟು, ಅವರ ಕಡೆ ನೋಡದೆ ನೀರಿಗೆ ಕಾಲಿಟ್ಟೆ. ಸೊಂಟದವರೆಗೆ ನೀರು ಬಂದಾಗ ನಂಬಲಾಗದ ಒಂದು ಸಂಗತಿ ನಡೆಯಿತು. ನಾನು ವಾಲಲಿಲ್ಲ. ಎಡಗಾಲು, ಬಲಗಾಲು ಎರಡನ್ನೂ ನೀರು ಒಂದೇ ಸಮ ಎತ್ತಿ ಹಿಡಿಯಿತು. ಚಿಕ್ಕಂದಿನಿಂದ ನೆಲ ಮಾಡಿದ್ದ ಪಕ್ಷಪಾತವನ್ನು ನೀರು ಮಾಡಲಿಲ್ಲ. ನನಗೆ ಅಳು ಬಂತು, ಅದು ಕಾಣಬಾರದೆಂದು ಮುಖಕ್ಕೆ ನೀರೆರಚಿಕೊಂಡೆ.

ಆಂಟಿ ಮಾತ್ರ ಇನ್ನೂ ಮುಂದೆ ಹೋಗಿ ಭುಜದವರೆಗಿನ ನೀರಿನಲ್ಲಿ ನಿಂತು ದಡದ ಕಡೆ ತಿರುಗಿದರು. ಕೊರಳಲ್ಲಿ ಟೇಪು ಹಾಗೇ ಇತ್ತು. ನೀರು ಟೇಪು ಮುಟ್ಟಿದರೆ ಅಲ್ಲಿಗೆ ನಿಲ್ಲುವುದು ಅವರ ಲೆಕ್ಕ. “ನನ್ನನ್ನ ದಾಟಬೇಡಿ” ಎಂಬುದೊಂದೇ ಅವರ ನಿಯಮ. ಆಮೇಲೆ ಪ್ರತಿ ಸಲವೂ ಎಲ್ಲರೂ ನೀರಿಗಿಳಿದಾಗ ಅವರು ಹಾಗೇ ನಿಲ್ಲುತ್ತಿದ್ದರು. ಅವರು ನಿಂತ ಜಾಗವೇ ನಮ್ಮ ಗಡಿ.

ಎರಡನೆಯ ವರ್ಷ ನನ್ನ ಕೊಬ್ಬಿನ ಕತೆ. ಹಗ್ಗವನ್ನು ಬಿಸಿಲಿಗೆ ಹರಡಿದ್ದಾಗ ಗಮನಿಸಿದೆ. ಟೀಚರೂ ನಾನೂ ಒಂದೇ ಎತ್ತರ, ಒಟ್ಟಿಗೆ ನಡೆದರೆ ಭುಜಕ್ಕೆ ಭುಜ ತಾಗುತ್ತಿತ್ತು. ಆದರೆ ಅವರ ಮೆರೂನಿಗಿಂತ ನನ್ನ ಗಿಳಿಹಸಿರು ಮೂರು ಬೆರಳು ಕೆಳಗಿತ್ತು. ನನಗೆ ಮೈ ಉರಿಯಿತು. ಎಲ್ಲರಿಗೂ ನಾಲ್ಕು ಬೆರಳು ಬಿಟ್ಟವರು ನನಗೆ ಮಾತ್ರ ಇನ್ನೂ ಮೂರು ಬೆರಳು ಜಾಸ್ತಿ ಬಿಟ್ಟಿದ್ದಾರೆ, ಅಂದರೆ ಇವರೂ ಎಲ್ಲರಂತೆಯೇ, ಕುರ್ಚಿಯ ಬದಲು ಹಗ್ಗ ಅಷ್ಟೇ ಎಂದುಕೊಂಡೆ. ಆಂಟಿ ಅನ್ನ ಬಸಿಯಲು ಆ ಕಡೆ ಹೋದಾಗ ನನ್ನ ಗಂಟು ಬಿಚ್ಚಿ ಮೆರೂನಿನ ಪಕ್ಕದಲ್ಲೇ ಬಿಗಿದೆ. ಎಷ್ಟು ಸಮಾಧಾನವಾಯಿತೆಂದರೆ ಅವತ್ತು ಎರಡು ಸಲ ಅನ್ನ ಹಾಕಿಸಿಕೊಂಡೆ.

ಮಧ್ಯಾಹ್ನ ನೀರಿಗಿಳಿದೆವು. ಹಗ್ಗ ಬಿಟ್ಟು ನನ್ನ ಬಣ್ಣ ನೀರಿಗೆ ತಾಗಿದ ಜಾಗದಲ್ಲಿ ಹೋಗಿ ನಿಂತೆ. ಬಲಗಾಲಿನ ಮೇಲೆ ನಿಂತಾಗ ಎಲ್ಲ ಸರಿಯಿತ್ತು. ಹಪ್ಪಳದಕ್ಕ ಏನೋ ಹೇಳಿ ನಗಿಸಿದರು, ತಿರುಗಲು ಹೋಗಿ ಎಡಗಾಲು ಊರಿದೆ. ಅಲ್ಲಿ ನೆಲ ಇರಬೇಕಿತ್ತು, ಇರಲಿಲ್ಲ. ಕೆಸರಿನಲ್ಲಿ ಬಲಗಾಲೂ ಜಾರಿತು. ಹಸಿರು ನೀರು, ಅದರ ಮೇಲೆ ಅಲ್ಲಾಡುವ ಸೂರ್ಯ, ಕಿವಿಯೊಳಗೆ ನಟ್ಟುಗಳ ಕಿಣಿಕಿಣಿ... ಅಷ್ಟೇ ನೆನಪಿದೆ. ಆಮೇಲೆ ಕತ್ತಿನ ಹಿಂದಿನ ಬಟ್ಟೆಯನ್ನು ಯಾರೋ ಹಿಡಿದು ಎಳೆದರು.

ದಡದ ಮೇಲೆ ಕೆಮ್ಮಿ ಕೆಮ್ಮಿ ಸುಸ್ತಾಗಿ ಕೂತಿದ್ದೆ. ಆಂಟಿ ಹಗ್ಗ ಎಳೆದು ನೋಡಿದರು. ಗಂಟು ನೋಡಿದರು. ಅವರು ಹಾಕಿದ ಗಂಟಲ್ಲ ಎಂದು ಗೊತ್ತಾಗಲು ಅವರಿಗೆ ಒಂದು ಕ್ಷಣ ಸಾಕು.

“ನೀರಿಗೆ ಬೂಟು ಹಾಕ್ಕೊಂಡು ಇಳೀತೀಯೇನೇ?” ಎಂದರು.

ಆಗ ನನಗೆ ಹೊಳೆಯಿತು. ನಾನು ಕೊಟ್ಟ ಅಳತೆ ಬೂಟಿನ ಅಳತೆ. ಅವರು ಕಟ್ಟಿದ್ದು ನನ್ನದು, ಕಣ್ಣಂದಾಜಿನಲ್ಲಿ, ನನ್ನ ಮಾನ ಉಳಿಸಿ. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುವ ಹಾಗೆ ನಾನು, “ಕಾಲು ಜಾರ್ತು, ಅಷ್ಟೇ” ಎಂದೆ. ನಾಚಿಕೆಯಿಂದ ಅವರ ಮುಖ ನೋಡಲಾಗಲಿಲ್ಲ.

ಸುದ್ದಿ ನಮಗಿಂತ ಮುಂಚೆ ವಿಜಯನಗರ ತಲುಪಿತ್ತೋ ಏನೋ. ಹಪ್ಪಳದಕ್ಕನ ಬಾಯಿ ಸಂಡಿಗೆಯಷ್ಟೇ ಹಗುರ. ಅಮ್ಮ ಎರಡು ದಿನ ಊಟ ಬಿಟ್ಟಳು. ಅಣ್ಣ ಕೂರಿಸಿಕೊಂಡು ತಿಳಿಹೇಳಿದ. “ಬೆಟ್ಟ ಹತ್ತೋಕಾಗಲ್ಲ, ನೀರಲ್ಲಿ ನಿಲ್ಲೋಕಾಗಲ್ಲ. ಇನ್ಯಾಕೆ ಹೋಗ್ಬೇಕು ಹೇಳು?” ಎಂದ. ಅವನು ಒಳ್ಳೆಯವನು, ಅದೇ ತೊಂದರೆ. ಕೆಟ್ಟವರ ಮಾತು ಮೀರುವುದು ಸುಲಭ. ನಮ್ಮ ಮೇಲೆ ಪ್ರೀತಿಯಿಟ್ಟವರು ಬಾಗಿಲಿಗೆ ಅಡ್ಡ ನಿಂತರೆ ತಳ್ಳುವುದು ಹೇಗೆ? ಆರು ತಿಂಗಳು ನಾನು ಆ ಮಾತೇ ಎತ್ತಲಿಲ್ಲ. ಅಂಗಡಿಯ ಮುಂದೆ ತಲೆ ತಗ್ಗಿಸಿ ನಡೆದುಹೋಗುತ್ತಿದ್ದೆ. ಆಂಟಿಯೂ ಕರೆಯಲಿಲ್ಲ. ಯಂತ್ರದ ಸದ್ದು ಮಾತ್ರ ನಾನು ಮೂಲೆ ತಿರುಗುವವರೆಗೆ ನಿಂತಿರುತ್ತಿತ್ತು, ಆಮೇಲೆ ಮತ್ತೆ ಶುರುವಾಗುತ್ತಿತ್ತು.

ಆಗ ಒಂದು ದಿನ ಬಸ್ಸಿನಲ್ಲಿ ಟೀಚರ್ ಸಿಕ್ಕರು. ಮುಂದಿನ ಶನಿವಾರ ಹೊರಟಿದ್ದೇವೆ ಎಂದರು. ಈ ಸಲ ನೀರು ಬೇಡ ಅಲ್ವಾ, ನಾನಿಲ್ಲವಲ್ಲ ಎಂದು ಕುಟುಕಿದೆ. ಟೀಚರ್ ನನ್ನ ಮುಖ ನೋಡಿದರು. “ನೀನು ಬರೋಕೆ ಮುಂಚೆ ನಾವು ನೀರಿನ ಹತ್ರಾನೇ ಹೋಗ್ತಿರ್ಲಿಲ್ಲ ಕಣಮ್ಮ. ಬೆಟ್ಟ ಹತ್ತೋದು, ಇಳಿಯೋದು, ಬರೋದು. ನಿನ್ನ ಕರೆದ್ಮೇಲೇ ಅವರು ನೀರು ಹುಡ್ಕೋಕೆ ಶುರು ಮಾಡಿದ್ದು. ಈ ಸಲಾನೂ ನಾಲ್ಕು ಮಂಗಳವಾರ ಅಲೆದಿದಾರೆ.”

ನನಗೆ ಕೃತಜ್ಞತೆ ಉಕ್ಕಿ ಬಂತು ಎಂದು ಬರೆದರೆ ಸುಳ್ಳಾಗುತ್ತದೆ. ನನಗೆ ಬಂದದ್ದು ಸಿಟ್ಟು. ನನ್ನನ್ನು ಕೇಳದೆ ನನಗಾಗಿ ಇಷ್ಟು ಮಾಡಲು ಇವರ್ಯಾರು? ನೀರು, ಏಕಾಂತ, ಒಗೆಯುವ ಕಲ್ಲು, ಮಂಡಿನೋವು, ಎಲ್ಲವೂ ನನಗಾಗಿ. ಎರಡು ದಿನ ಆ ಸಿಟ್ಟು ಹೊತ್ತು ತಿರುಗಿದೆ. ಮೂರನೆಯ ದಿನ ಒಂದು ವ್ಯತ್ಯಾಸ ಹೊಳೆಯಿತು. ಉಳಿದವರು ನನಗಾಗಿ ಮಾಡಿದ್ದೆಲ್ಲ ನಾನು ಕೂರಲಿ ಎಂದು. ಇವರೊಬ್ಬರು ಮಾಡಿದ್ದು ನಾನು ಇಳಿಯಲಿ ಎಂದು.

ಶನಿವಾರ ಬೆಳಿಗ್ಗೆ ಐದೂವರೆಗೆ ಚೀಲ ಹೆಗಲಿಗೆ ಹಾಕಿ ಬಾಗಿಲ ಬಳಿ ಬಂದರೆ ನನ್ನ ಬೂಟಿರಲಿಲ್ಲ. ಬಲಗಾಲಿನದ್ದೂ ಇಲ್ಲ, ಎಡಗಾಲಿನದ್ದೂ ಇಲ್ಲ. ಅಮ್ಮ ಅಡುಗೆಮನೆಯ ಹೊಸ್ತಿಲಲ್ಲಿ ನಿಂತಿದ್ದಳು. ಹುಡುಕಬೇಡ, ಸಿಗುವುದಿಲ್ಲ ಎಂದಳು. ಅವಳ ಕಣ್ಣು ತುಂಬಿತ್ತು. ಬೂಟಿಲ್ಲದೆ ನಾನು ಬೀದಿಗೆ ಕಾಲಿಡುವುದಿಲ್ಲ ಎಂದು ಅವಳಿಗೆ ಗೊತ್ತು. ಮೂವತ್ತು ವರ್ಷ ನನ್ನನ್ನು ಸಾಕಿದವಳಿಗೆ ನನ್ನ ಹೆಮ್ಮೆ ಎಲ್ಲಿದೆ ಎಂದು ಗೊತ್ತಿರದೆ ಇರುತ್ತದೆಯೇ.

ನಾನು ಬಚ್ಚಲಿನ ಹವಾಯಿ ಚಪ್ಪಲಿ ಮೆಟ್ಟಿಕೊಂಡೆ. “ಸಂಜೆ ನಾಳೆ ಬರ್ತೀನಮ್ಮ” ಎಂದೆ, ಗಾಬರಿಯಲ್ಲಿ ಮಾತು ಕಲಸಿಹೋಯಿತು. ಹೊರಗೆ ಬಂದೆ.

ನಮ್ಮ ಮನೆಯಿಂದ ಬಸ್ ಸ್ಟಾಪಿಗೆ ಏಳು ನಿಮಿಷದ ದಾರಿ. ಅವತ್ತು ಇಪ್ಪತ್ತು ನಿಮಿಷ ಹಿಡಿಯಿತು. ಹೆಜ್ಜೆಗೊಮ್ಮೆ ಇಡೀ ಮೈ ಎಡಕ್ಕೆ ಕುಸಿದು ಮತ್ತೆ ಏಳುತ್ತಿತ್ತು. ಹಾಲಿನ ಬೂತಿನ ಮುಂದಿನ ಸಾಲು ತಿರುಗಿ ನೋಡಿತು. ರಂಗೋಲಿ ಹಾಕುತ್ತಿದ್ದ ಹೆಂಗಸರು ಪುಡಿ ಹಿಡಿದ ಕೈಯನ್ನು ಹಾಗೇ ನಿಲ್ಲಿಸಿದರು. ವರ್ಷಗಟ್ಟಲೆ ಪರಿಚಯವಿದ್ದ ಪೇಪರಿನವರು ನನ್ನನ್ನು ನೋಡಿ ಬೇಕೆಂದೇ ಬೇರೆ ಕಡೆ ಮುಖ ಮಾಡಿದರು. ನೋಡಲಿ ಎಂದುಕೊಂಡೆ. ಎಲ್ಲರೂ ಚೆನ್ನಾಗಿ ನೋಡಲಿ, ಮತ್ತೆ ಮತ್ತೆ ತೋರಿಸುವ ಕೆಲಸ ತಪ್ಪುತ್ತದೆ.

ಸ್ಟಾಪಿನಲ್ಲಿ ಮೂವರೂ ನಿಂತಿದ್ದರು. ನನ್ನನ್ನು ಕಂಡು ಟೀಚರ್ ಮುಂದೆ ಓಡಿಬರಲು ಹೊರಟರು, ಆಂಟಿ ಅವರ ತೋಳು ಹಿಡಿದು ನಿಲ್ಲಿಸಿದರು. ನಾನೇ ನಡೆದು ಬರುವವರೆಗೆ ಬಿಟ್ಟರು. ಹತ್ತಿರ ಬಂದ ಮೇಲೆ ಕೊರಳಿನ ಟೇಪು ತೆಗೆದರು.

“ಚಪ್ಪಲೀನೂ ಬಿಚ್ಚು” ಎಂದರು.

ಬಿಚ್ಚಿದೆ. ಬಸ್ಸು ಕಾಯುತ್ತಿದ್ದ ಹತ್ತಿಪ್ಪತ್ತು ಜನರ ಮುಂದೆ, ತಣ್ಣಗಿನ ಫುಟ್‌ಪಾತಿನ ಕಲ್ಲಿನ ಮೇಲೆ ಬರಿಗಾಲಿನಲ್ಲಿ ನಿಂತೆ. ಆಂಟಿ ಮಂಡಿಯೂರಿ ಕೂತು, ಟೇಪಿನ ತುದಿಯನ್ನು ನನ್ನ ಎಡಪಾದದ ಪಕ್ಕ ನೆಲಕ್ಕೆ ಒತ್ತಿ ಹಿಡಿದು, ಭುಜದವರೆಗೆ ಎಳೆದರು. ಮಂಡಿನೋವಿನ ಸುಳಿವೇ ಇರಲಿಲ್ಲ. ಅಲ್ಲೇ ಹಗ್ಗ ಬಿಚ್ಚಿ ಗಿಳಿಹಸಿರಿನ ಗಂಟು ಮತ್ತೆ ಹಾಕಿದರು. ಅವರು ಮೊದಲು ಕಣ್ಣಂದಾಜಿನಲ್ಲಿ ಕಟ್ಟಿದ್ದ ಗುರುತು ಹಗ್ಗದ ಮೇಲೆ ಇನ್ನೂ ಇತ್ತು. ಒಂದು ಬೆರಳೂ ವ್ಯತ್ಯಾಸವಿರಲಿಲ್ಲ.

“ಈಗ ಬಂತು ನೋಡು ಸರಿಯಾದ ಅಳತೆ” ಎಂದು ಎದ್ದರು. ಬಸ್ಸು ಬಂತು.

ಆ ಎರಡು ದಿನದಲ್ಲಿ ನಾನು ಈಜು ಕಲಿತೆ. ಗಲ್ಲದ ಕೆಳಗೆ ಅವರ ಅಂಗೈ, ಬೆರಳ ತುದಿಯಲ್ಲಿ ಸೂಜಿ ಚುಚ್ಚಿ ಚುಚ್ಚಿ ಗಟ್ಟಿಯಾದ ಚರ್ಮ. ಯಾವಾಗ ಆ ಕೈ ತೆಗೆದರೋ ತಿಳಿಯಲಿಲ್ಲ. ಆಮೇಲಿನ ವರ್ಷಗಳಲ್ಲಿ ಅದೆಷ್ಟೋ ನೀರು ನೋಡಿದೆವು... ಕಲ್ಲುಕುಟಿಗರು ಬಿಟ್ಟುಹೋದ ಹೊಂಡವೊಂದನ್ನು ಆಂಟಿ ದೂರದಿಂದಲೇ ಬೇಡವೆಂದದ್ದು, ಮೀನು ಕಾಲು ಕಚ್ಚಿತೆಂದು ಹಪ್ಪಳದಕ್ಕ ಊರೆಲ್ಲ ಕೇಳುವಂತೆ ಕಿರುಚಿದ್ದು... ಅಮ್ಮ ಬೂಟು ಬಚ್ಚಿಡುವುದನ್ನು ಬಿಟ್ಟಳು. ಸಾಯುವವರೆಗೂ ಒಪ್ಪಲಿಲ್ಲ, ಆದರೆ ಬುತ್ತಿ ಕಟ್ಟಿಕೊಡುತ್ತಿದ್ದಳು.

ಒಂದು ಸಲ ಮಾತ್ರ ನಾನು ಅವರನ್ನು ದಾಟಬಾರದೆಂಬ ನಿಯಮ ಮುರಿದೆ. ಆಂಟಿ ಎಂದಿನಂತೆ ಟೇಪಿನವರೆಗಿನ ನೀರಿನಲ್ಲಿ ದಡದ ಕಡೆ ಮುಖ ಮಾಡಿ ನಿಂತಿದ್ದರು. ನಾನು ಈಜುತ್ತಾ ಅವರ ಹತ್ತಿರ ಬಂದವಳು ತಿರುಗಲಿಲ್ಲ. ಅವರ ಪಕ್ಕದಲ್ಲೇ ಹಾದು ಮುಂದೆ ಹೋದೆ. ಅವರು ಕೂಗಲಿಲ್ಲ. ಕೆರೆಯ ನಡುವಿನವರೆಗೆ ಹೋಗಿ, ಭಯವಾಗಿ, ತಿರುಗಿ ನೋಡಿದೆ. ಮೊದಲ ಬಾರಿಗೆ ಆಂಟಿ ದಡಕ್ಕೆ ಬೆನ್ನು ಹಾಕಿ ನನ್ನ ಕಡೆ ಮುಖ ಮಾಡಿ ನಿಂತಿದ್ದರು.

“ವಾಪಸ್ಸೂ ನೀನೇ ಬರ್ಬೇಕು ಕಣೇ. ನಾನು ಬರಲ್ಲ” ಎಂದರು. ಮುಖದ ತುಂಬಾ ನಗು.

ಬಂದೆ. ನಾನೇ ಬಂದೆ.

ಕಾಯಿಲೆ ಅವರನ್ನು ಎಂಟು ತಿಂಗಳಲ್ಲಿ ಮುಗಿಸಿತು. ಕೊನೆಯಲ್ಲಿ ರಾಜರಾಜೇಶ್ವರಿನಗರದ ಮಗಳ ಮನೆಯಲ್ಲಿದ್ದರು. ನೋಡಲು ಹೋದಾಗ ಮಂಚದ ಕೆಳಗಿನಿಂದ ಈ ಹಗ್ಗ ತೆಗೆಸಿ ನನ್ನ ಮಡಿಲಿಗೆ ಹಾಕಿಸಿದರು. “ಯಾರ ಅಳತೆ ತಗೊಂಡ್ರೂ ಬೂಟು ಬಿಚ್ಚಿಸಿ ತಗೋ” ಎಂದರು. ಕೊರಳಲ್ಲಿ ಟೇಪಿರಲಿಲ್ಲ. ಆ ಬರಿ ಕೊರಳು ನೋಡಿದಾಗಲೇ ನನಗೆ ಗೊತ್ತಾಯಿತು, ಇನ್ನು ಇವರು ಏಳುವುದಿಲ್ಲ. ಅವರು ಹೋದ ಮೇಲೆ ಒಂದೆರಡು ಸಲ ಹೋದೆವು, ಆದರೆ ನೀರಿಗಿಳಿಯಲಿಲ್ಲ. ಟೀಚರ್ ಮೊಮ್ಮಕ್ಕಳ ಕಡೆ ಹೊರಳಿದರು, ಹಪ್ಪಳದಕ್ಕ ಊರು ಬಿಟ್ಟರು. ಅಂಗಡಿಯಿದ್ದ ಶೆಡ್ಡಿನಲ್ಲಿ ಈಗ ಮೊಬೈಲ್ ರಿಪೇರಿ. ಹಗ್ಗ ಅಟ್ಟ ಸೇರಿತು. ನಾನೂ ಸುಮ್ಮನಾಗಿಬಿಟ್ಟಿದ್ದೆ, ಯಾರೂ ಹೇಳದೆ ನಾನೇ ಒಂದು ಕುರ್ಚಿ ಎಳೆದುಕೊಂಡು ಕೂತಿದ್ದೆ. ಇದನ್ನು ಒಪ್ಪಿಕೊಳ್ಳಲು ಈಗಲೂ ನಾಚಿಕೆ.

ಮೊನ್ನೆ ಮಂಗಳವಾರ ಆಫೀಸಿಗೆ ರಜೆ ಹಾಕಿ ಅಣ್ಣನ ಮಗಳನ್ನು ಹೊರಡಿಸಿಕೊಂಡು ಮಾಗಡಿ ರಸ್ತೆ ಹಿಡಿದೆ. ಮೂರು ಜಾಗ ನೋಡಿದೆ. ಒಂದರಲ್ಲಿ ಮರಮರಕ್ಕೂ ಸ್ಪೀಕರು. ಇನ್ನೊಂದರಲ್ಲಿ ಪ್ಲಾಸ್ಟಿಕ್ ಹಾಸಿದ ಹೊಂಡ. ಮೂರನೆಯದು ಒಂದು ಬೆಟ್ಟದ ಹಿಂಬದಿಯ ಕೆರೆ, ಪಕ್ಕದ ಹೊಲದವರು ನಾಲ್ಕು ಟೆಂಟು ಹಾಕಲು ಜಾಗ ಬಿಡುತ್ತಾರಂತೆ. ದಡದಲ್ಲಿ ಎರಡು ಒಗೆಯುವ ಕಲ್ಲು, ಒಂದರ ಮೇಲೆ ಒಬ್ಬ ಹೆಂಗಸು ಕಂಬಳಿ ಕುಕ್ಕುತ್ತಿದ್ದಳು. ನಾನು ಇನ್ನೊಂದರ ಮೇಲೆ ಒಂದು ಗಂಟೆ ಕೂತೆ. ಗುಂಡಿಗಳೆಲ್ಲಿ ಎಂದು ಅವಳನ್ನು ಕೇಳಿದೆ. ಆಮೇಲೆ ಬೂಟು ಬಿಚ್ಚಿ ಕಲ್ಲಿನ ಮೇಲಿಟ್ಟು ನೀರಿಗಿಳಿದೆ. ದಡದಲ್ಲಿ ನಿಂತ ಅಣ್ಣನ ಮಗಳು, “ಅತ್ತೆ, ಹುಷಾರು” ಎಂದಳು.

ಹೆಜ್ಜೆ ಹೆಜ್ಜೆಗೂ ಬಟ್ಟು ಬಿಟ್ಟೆ. ಗಿಳಿಹಸಿರು ನೀರಿಗೆ ತಾಗಿದ ಕಡೆ ನಿಂತು, ಹಳೆಯ ಅಭ್ಯಾಸದಿಂದ ತಲೆಯೆತ್ತಿ ಆಳದ ಕಡೆ ನೋಡಿದೆ.

ಅಲ್ಲಿ ಯಾರೂ ನಿಂತಿರಲಿಲ್ಲ.

ಒಂಬತ್ತು ವರ್ಷದಲ್ಲಿ ಅವರು ಸತ್ತಿದ್ದಾರೆ ಎಂದು ನನಗೆ ಸರಿಯಾಗಿ ಅರ್ಥವಾದದ್ದು ಆ ಗಳಿಗೆಯಲ್ಲಿ. ಕೈಯಲ್ಲಿದ್ದ ಹಗ್ಗ ನೋಡಿದೆ. ಟೀಚರದ್ದಿದೆ, ಹಪ್ಪಳದಕ್ಕನದ್ದಿದೆ, ನನ್ನದಿದೆ. ಆಂಟಿಯ ಬಣ್ಣವೇ ಇಲ್ಲ. ಊರಿನವರ ಅಳತೆಯೆಲ್ಲ ತೆಗೆದವರ ಅಳತೆಯನ್ನು ನಾವ್ಯಾರೂ ತೆಗೆದಿರಲಿಲ್ಲ. ಅವರ ಎತ್ತರ ಎಷ್ಟಿತ್ತು ಎಂದು ಕೇಳಿದರೆ ನನಗೆ ಹೇಳಲು ಗೊತ್ತಿಲ್ಲ. ನೀರಿನಲ್ಲಿ ನಿಂತು ಜೋರಾಗಿ ಅತ್ತೆ, ಈ ಸಲ ಮುಖಕ್ಕೆ ನೀರೆರಚಿಕೊಳ್ಳಲಿಲ್ಲ.

ಆಮೇಲೆ ಬಲಗಾಲು ಊರಿ, ಎಡಗಾಲಿಗೆ ನೆಲ ಹುಡುಕಿಕೊಂಡು, ಇನ್ನೂ ನಾಲ್ಕು ಹೆಜ್ಜೆ ಮುಂದೆ ಹೋದೆ. ನೀರು ಭುಜಕ್ಕೆ ಬಂತು. ದಡದ ಕಡೆ ತಿರುಗಿ ನಿಂತೆ. ಕಲ್ಲು, ಕಲ್ಲಿನ ಮೇಲೆ ನನ್ನ ದಪ್ಪ ಅಟ್ಟೆಯ ಬೂಟು, ಕಂಬಳಿಯ ಹೆಂಗಸು, ಹಿಂದೆ ಬೆಟ್ಟ. ಆಂಟಿಗೆ ಕಾಣುತ್ತಿದ್ದುದು ಇದು.

ಶನಿವಾರ ಅಲ್ಲಿ ಆರು ಜನ ಹುಡುಗಿಯರು ಇಳಿಯುತ್ತಾರೆ. ಎಲ್ಲರ ಅಳತೆಯನ್ನೂ ಬರಿಗಾಲಿನಲ್ಲಿ ತೆಗೆದು ಹಗ್ಗಕ್ಕೆ ಆರು ಬಣ್ಣ ಕಟ್ಟಿದ್ದೇನೆ, ನಾಲ್ಕು ಬೆರಳು ಒಳಹೊಲಿಗೆ ಬಿಟ್ಟು. ನಾನು ಅದೇ ಜಾಗದಲ್ಲಿ ನಿಲ್ಲುತ್ತೇನೆ. ನನ್ನನ್ನ ದಾಟಬೇಡಿ ಎಂದು ಬೆಟ್ಟಕ್ಕೆ ಕೇಳುವ ಹಾಗೆ ಹೇಳುತ್ತೇನೆ. ಅವರಲ್ಲಿ ಯಾರು ದಾಟುತ್ತಾಳೋ ನೋಡಬೇಕು.